ವಿಹಾರದ ಮೆಟ್ಟಿಲ ಮೇಲಿನ ಚಪ್ಪಲಿಗಳು

"ನನ್ನ ಮಗನನ್ನು ಕೊಂದದ್ದು ನನ್ನ ನಾಲಿಗೆಯಾ? ಅಷ್ಟು ಹೇಳಿಬಿಡು ಲೀಲಾಕ್ಷಿ."

ನಜ್ಮಾ ಬಡಾವಣೆಯ ನಮ್ಮ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಪರ್ಪೆಚುವಾ ಬಾಯಮ್ಮ ಕೇಳಿದ ಮೊದಲ ಮಾತು ಅದು. ಹುಕ್ಕು ಹಾಕುತ್ತಿದ್ದ ನನ್ನ ಸೂಜಿ ಅಲ್ಲೇ ನಿಂತಿತು. ಲೀಲಕ್ಕ ರವಿಕೆ ಹೊಲಿದಷ್ಟೇ ಚೊಕ್ಕವಾಗಿ ಗುಟ್ಟುಗಳ ಹೊಲಿಗೆ ಬಿಚ್ಚುತ್ತಾಳೆಂದು ದೋಹಾದಲ್ಲಿರುವ ನಮ್ಮ ಕರಾವಳಿಯವರಿಗೆಲ್ಲ ಗೊತ್ತಿತ್ತು.

ಬಾಯಮ್ಮನ ಮಗ ಯೂಸ್ಟೇಸ್ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಈದ್ ರಜೆಗೆ ಅವನು, ಹೆಂಡತಿ ಫ್ಲೇವಿಯಾ, ಗೆಳೆಯ ಯಜ್ಞೇಶ್ ಮೂವರೂ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹಳೆಯ ಬೌದ್ಧ ವಿಹಾರಗಳನ್ನು ನೋಡಲು ಹೋಗಿದ್ದರು. ಈ ಸಲ ಈದ್ ಬಂದದ್ದು ಕ್ರೈಸ್ತರ ತಪಸ್ಸು ಕಾಲದಲ್ಲಿ. "ಉಪವಾಸದ ದಿನಗಳಲ್ಲಿ ಮೋಜಿಗೆ ಹೊರಟವನ ಮುಖ ನನಗೆ ಬೇಡ, ಹಾಗೇ ಹೋಗು," ಎಂದಿದ್ದರು ಬಾಯಮ್ಮ. ಅವನು ಹಾಗೇ ಹೋದ. ಮೂರನೆಯ ಸಂಜೆ ಆರಕ್ಕೆ ವಸತಿಗೃಹದ ತಾರಸಿಯಿಂದ ಬಿದ್ದ. ಆತ್ಮಹತ್ಯೆ ಎಂದು ಅಲ್ಲಿಯ ಪೊಲೀಸರು ಕಡತ ಮುಚ್ಚಿದ್ದರು.

"ಸೊಸೆ ಎಂತ ಹೇಳಿದಳು?"

"ಆ ಮಧ್ಯಾಹ್ನ ಚೆಡಿ ಲುವಾಂಗ್ ಅಂತ ಒಂದು ವಿಹಾರ ಉಂಟಂತೆ, ಅಲ್ಲಿ ಊರು ಕಾಯುವ ನಗರಸ್ತಂಭದ ಗುಡಿಗೆ ಗಂಡ ಹೆಂಡತಿ ಇಬ್ಬರೂ ಹೋದರಂತೆ. ಚಿನ್ನದ ಬುದ್ಧ, ಗೋಡೆ ತುಂಬ ಚಿತ್ರ. ಇವನು ಮೊಣಕಾಲೂರಿ, 'ಮಾಂಯ್ ನನ್ನನ್ನು ತಳ್ಳಿಬಿಟ್ಟಳು' ಅಂತ ಅತ್ತನಂತೆ. ಯಜ್ಞೇಶ್ ಬೆಳಗ್ಗಿನಿಂದ ರಾತ್ರಿವರೆಗೆ ದೂರದ ಬೆಟ್ಟದ ದೇವಸ್ಥಾನದಲ್ಲಿದ್ದನಂತೆ."

"ಮಗ ನಿಮಗೆ ಏನೂ ಕಳಿಸಲಿಲ್ಲವಾ?"

ಬಾಯಮ್ಮ ಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. "ಒಂದು ವಾಯ್ಸ್ ಮೆಸೇಜು ಉಂಟು. ಆಗ ಸಿಟ್ಟಿನಲ್ಲಿ ತೆರೆಯಲಿಲ್ಲ. ಈಗ ಹೆದರಿಕೆ. ಶಾಪ ಹಾಕಿದ್ದರೆ?"

ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ ಎನ್ನುತ್ತಿದ್ದರು ನನ್ನ ಅಜ್ಜಿ. ಈ ಮುದುಕಿಯ ಜೀವ ಆ ತೆರೆಯದ ಮೆಸೇಜಿನಲ್ಲಿತ್ತು. ಲೀಲಕ್ಕ ಅನುಮತಿ ಕೇಳದೆಯೇ ಅದನ್ನು ಒತ್ತಿದಳು.

"ಮಾಂಯ್, ಇಲ್ಲಿ ಗುಡಿಯ ಮೆಟ್ಟಿಲಲ್ಲಿ ಮದುವೆ ಮನೆಯ ಹಾಗೆ ಚಪ್ಪಲಿ ರಾಶಿ. ನನ್ನ ಹೊಸದನ್ನು ಯಾರಾದರೂ ಹೊತ್ತುಕೊಂಡು ಹೋದರೆ ಬರಿಗಾಲಲ್ಲೇ ಬರುತ್ತೇನೆ. ತಪಸ್ಸು ಕಾಲ ಅಲ್ವಾ, ನಿನಗೂ ಖುಷಿ! ಬೈದದ್ದು ಸಾಕು, ಭಾನುವಾರದ ತಿಂಡಿಗೆ ಸಾನ್ನಾ ಮಾಡಿಡು."

ಅವನು ಬಿದ್ದ ದಿನದ್ದೇ; ಹೊತ್ತು ಅಲ್ಲಿಯ ಗಡಿಯಾರದಲ್ಲಿ ಸಂಜೆ ನಾಲ್ಕೂ ಇಪ್ಪತ್ತು. ಜೊತೆಗೊಂದು ಫೋಟೊ: ಮೆಟ್ಟಿಲ ತುಂಬ ಗಂಡಸರ ದೊಡ್ಡ ದೊಡ್ಡ ಚಪ್ಪಲಿಗಳು. ಯೂಸ್ಟೇಸನ ಹೊಸ ಕಂದು ಜೋಡು, ಪಕ್ಕದಲ್ಲೇ ಎಡ ಅಟ್ಟೆ ಮಾತ್ರ ಎರಡು ಬೆರಳು ದಪ್ಪವಿದ್ದ ಕಪ್ಪು ಜೋಡು. ನಾನು ಆ ದನಿಯನ್ನೇ ನೆನೆಯುತ್ತ ಕೂತೆ. ಲೀಲಕ್ಕ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಆಮೇಲೆ ಪಕ್ಕದ ಸಲೂನಿನ ಥಾಯ್ ಹೆಂಗಸಿನ ಬಳಿ ಹೋಗಿ ಏನೋ ಕೇಳಿ ಬಂದಳು.

ಯೂಸ್ಟೇಸನ ತಿಂಗಳ ಬಲಿಪೂಜೆ ಮುಗಿದ ಮಧ್ಯಾಹ್ನ ಮದೀನತ್ ಖಲೀಫಾದ ಬಾಯಮ್ಮನ ಮನೆಯಲ್ಲಿ ನಾವು ಐವರೇ ಉಳಿದಿದ್ದೆವು. ಕುಂಟುತ್ತ ಬಂದ ಯಜ್ಞೇಶ್ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಫ್ಲೇವಿಯಾಳ ಪಕ್ಕ ಕೂತಿದ್ದ.

"ಬೆಟ್ಟದ ಮೆಟ್ಟಿಲು ಎಷ್ಟು ಯಜ್ಞೇಶಣ್ಣ?" ಲೀಲಕ್ಕ ಕೇಳಿದಳು.

"ಮುನ್ನೂರು ಉಂಟು ಮಾರಾಯ್ತಿ. ಈ ಕಾಲಲ್ಲಿ ಹತ್ತಿದೆ!"

"ಫ್ಲೇವಿಯಾ, ನೀನು ಗಂಡನ ಜೊತೆ ಸ್ತಂಭದ ಗುಡಿಯ ಒಳಗೇ ಹೋಗಿದ್ದೆಯಲ್ಲ?"

"ಪಕ್ಕದಲ್ಲೇ ಮೊಣಕಾಲೂರಿದ್ದೆ."

"ಆ ಗುಡಿಗೆ ಹೆಂಗಸರು ಕಾಲಿಡುವ ಹಾಗಿಲ್ಲ. ಸಲೂನಿನವಳು ಅದೇ ಊರಿನವಳು, ಕೇಳಿ ಖಾತ್ರಿ ಮಾಡಿಕೊಂಡೆ. ಇಗರ್ಜಿಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಮೊಣಕಾಲೂರುತ್ತೀರಿ. ಎಲ್ಲ ಕಡೆಯೂ ಹಾಗೇ ಅಂತ ನೀನು ಅಂದುಕೊಂಡೆ. ನಮ್ಮೂರ ಕೆಲವು ದೈವದ ಗುಡಿಗಳಲ್ಲಿ ನಾವು ಹೊರಗೇ ನಿಲ್ಲುವವರು. ಆ ಮೆಟ್ಟಿಲಲ್ಲಿ ಹೆಂಗಸರದ್ದು ಒಂದೂ ಚಪ್ಪಲಿ ಇಲ್ಲದ್ದು ಕಂಡಾಗಲೇ ನನಗೆ ಅನುಮಾನ ಬಂತು. ನೀನು ಒಳಗೆ ಹೋಗಿಲ್ಲ ಅಂದಮೇಲೆ ಅವನು ಅತ್ತದ್ದೂ ಸುಳ್ಳು. ಮತ್ತೆ ಒಳಗಿನ ಬುದ್ಧ, ಚಿತ್ರ ನಿನಗೆ ಹೇಗೆ ಗೊತ್ತು? ಒಳಗೆ ಹೋದ ಗಂಡಸು ಹೇಳಿರಬೇಕು." ಲೀಲಕ್ಕ ಬಾಗಿಲಿನತ್ತ ಬೆರಳು ತೋರಿಸಿದಳು. "ಎಡ ಅಟ್ಟೆ ದಪ್ಪ ಇರುವ ಆ ಜೋಡು ನಾಲ್ಕೂ ಇಪ್ಪತ್ತಕ್ಕೆ ಯೂಸ್ಟೇಸನ ಜೋಡಿನ ಪಕ್ಕದಲ್ಲಿತ್ತು. ಬೆಟ್ಟದಲ್ಲಿ ಅಲ್ಲ."

"ಚಪ್ಪಲಿ ಇದ್ದರೆ ಕೊಲೆಯಾ?" ಯಜ್ಞೇಶ್ ಎದ್ದು ನಿಂತ.

"ಅಲ್ಲ. ಆದರೆ ಗೆಳೆಯನ ಜೊತೆ ಗುಡಿಗೆ ಹೋದದ್ದನ್ನು ಯಾಕೆ ಮುಚ್ಚಿಟ್ಟಿರಿ? ಇಬ್ಬರೂ ಸೇರಿ ಯಾಕೆ ಒಂದೇ ಸುಳ್ಳು ಕಟ್ಟಿದಿರಿ?"

ಲೀಲಕ್ಕ ಫೋನು ಒತ್ತಿದಳು. ಸತ್ತವನ ನಗು ಕೋಣೆ ತುಂಬಿತು. 'ಸಾನ್ನಾ ಮಾಡಿಡು' ಎನ್ನುವಷ್ಟರಲ್ಲಿ ಫ್ಲೇವಿಯಾ ಕಿವಿ ಮುಚ್ಚಿಕೊಂಡಳು.

"ನಮ್ಮಿಬ್ಬರ ವಿಷಯ ಅವರಿಗೆ ಅವತ್ತು ಗುಡಿಯಿಂದ ಬಂದ ಮೇಲೆ ಗೊತ್ತಾಯಿತು. ತಾರಸಿಗೆ ಕರೆದು ಮಾತಾಡುತ್ತೇನೆ ಅಂದದ್ದು ಇವನು. ತಳ್ಳಿದ್ದನ್ನು ನಾನು ಕಣ್ಣಾರೆ ಕಂಡೆ. ಮಾಮಿ, ನಿಮ್ಮ ಬೈಗುಳ ನೆನಪಿತ್ತು... ಅದನ್ನೇ ಹೇಳಿದೆ."

ಬಾಯಮ್ಮ ಅಳಲಿಲ್ಲ. "ಒಂದು ತಿಂಗಳು, ನನ್ನ ಮಗನನ್ನು ನಾನೇ ಕೊಂದೆ ಅಂತ ಬದುಕಲು ಬಿಟ್ಟೆಯಲ್ಲ," ಎಂದಷ್ಟೇ ಹೇಳಿದರು.

ಲೀಲಕ್ಕನ ಕರೆಗೆ ಸಂಜೆಯೇ ಪೊಲೀಸರು ಬಂದು ಇಬ್ಬರನ್ನೂ ಕರೆದೊಯ್ದರು.

ಮುಂದಿನ ಶುಕ್ರವಾರ, ಇಲ್ಲಿಯ ರಜೆಯ ದಿನ, ಬಾಯಮ್ಮನನ್ನು ಇಗರ್ಜಿಗೆ ಕರೆದುಕೊಂಡು ಹೋಗಿದ್ದು ನಾನು. ಬಿಸಿಲಿಗೆ ನೆಲ ಹಂಚಿನಂತೆ ಕಾದಿತ್ತು. ಕಾರಿನಿಂದ ಇಳಿದವರು ಬರಿಗಾಲಲ್ಲೇ ನಡೆಯತೊಡಗಿದರು.

"ಚಪ್ಪಲಿ, ಬಾಯಮ್ಮ!"

"ಬರಿಗಾಲಲ್ಲೇ ಬರುತ್ತೇನೆ ಅಂದಿದ್ದ," ಎಂದರು ಅವರು, ಹಿಂತಿರುಗದೆ. "ಅವನ ಪಾಲಿನದು ನಾನು ನಡೆಯುತ್ತೇನೆ."