ಉಸಿರಿಗೊಂದು ಟಕ್

"ಆ ಮೆಷಿನ್ ನೀವೇ ನಿಲ್ಲಿಸ್ತೀರೋ, ಇಲ್ಲಾ ನಾನೇ ಬಂದು ವೈರ್ ಕೀಳ್ಲೋ?"

ಬಾಗಿಲಲ್ಲಿ ನಿಂತು ಅವಳು ಕೂಗಿದ್ದು ಗರಗಸದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಆದರೆ ಅವಳ ಕೈಯಲ್ಲಿದ್ದ ಪುಟ್ಟ ಮಾಸ್ಕ್ ಕಾಣಿಸಿತು. ಬರಿಗಾಲಲ್ಲಿ ಓಡಿ ಬಂದಿದ್ದಾಳೆ ಎಂಬುದೂ ಕಾಣಿಸಿತು. ಅವನು ಸ್ವಿಚ್ ಆರಿಸಿದ.

ಕೆಳಗಿನ ಅಂಗಡಿಗೆ ಈ ಬಡಗಿ ಬಂದು ಒಂದು ವಾರವಾಗಿತ್ತಷ್ಟೇ. ಮಹಡಿಯ ಮನೆಯಲ್ಲಿ ಅವಳು, ಅವಳ ತಾಯಿ, ಮತ್ತು ತೀರಿಹೋದ ಅಕ್ಕನ ಮಗಳು ಗುಬ್ಬಿ. ಗುಬ್ಬಿಗೆ ಐದು ವರ್ಷ. ಮಗು ಅಂಬೆಗಾಲಿಡುವ ಮೊದಲೇ ಹೆತ್ತವಳು ಕಣ್ಣು ಮುಚ್ಚಿದ್ದಳು. ಅಪ್ಪ ಅನ್ನಿಸಿಕೊಂಡವನು ಬೇರೆ ಸಂಸಾರ ಹೂಡಿ, ಹುಟ್ಟಿದ ದಿನಕ್ಕೊಂದು ಫೋನ್ ಮಾಡಿ ಕೈತೊಳೆದುಕೊಳ್ಳುತ್ತಿದ್ದ. ಇಷ್ಟು ಸಾಲದೆಂಬಂತೆ ಮಗುವಿಗೆ ಆಸ್ತಮಾ.

"ಮೇಲೆ ಮಗುಗೆ ಉಸಿರು ಸಿಗ್ತಿಲ್ಲ. ನಿಮ್ಮ ಮರದ ಪುಡಿ ಎಲ್ಲಾ ನಮ್ಮ ಕಿಟಕಿಯಿಂದ ಒಳಗೆ ಬರ್ತಿದೆ. ಗೊತ್ತಾಗಲ್ವಾ ನಿಮಗೆ?"

ಬೇರೆ ಯಾರಾದರೂ ಆಗಿದ್ದರೆ ಕಾಲು ಕೆರೆದುಕೊಂಡು ಜಗಳಕ್ಕೆ ನಿಲ್ಲುತ್ತಿದ್ದರು. ಇವನು ತಲೆಯ ಮೇಲಿನ ಪುಡಿ ಕೊಡವಿ, ಗೂಡ್ಸ್ ಗಾಡಿಯ ಕೀ ಎತ್ತಿಕೊಂಡ.

"ಕರ್ಕೊಂಡು ಬನ್ನಿ. ಆಸ್ಪತ್ರೆ ಯಾವ ಕಡೆ ಅಂತ ಹೇಳಿ ಸಾಕು."

ಜಗಳಕ್ಕೆಂದು ಬಂದವಳಿಗೆ ಜಗಳವೇ ಸಿಗಲಿಲ್ಲ. ಅವಳಿಗೆ ಅದಕ್ಕೂ ಸಿಟ್ಟು ಬಂತು.

ದಾರಿಯುದ್ದಕ್ಕೂ ಗುಬ್ಬಿ ಚಿಕ್ಕಮ್ಮನ ಮಡಿಲಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಒಂದೊಂದು ಉಸಿರಿಗೂ ಎದೆಯೊಳಗೆ ಸಿಳ್ಳೆ. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಬಡಗಿ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಮಗು ಬೆಚ್ಚೀತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಔಷಧಿಯ ಹೊಗೆಯುಗುಳತೊಡಗಿದ ಮೇಲೆ ಮಗುವಿನ ತುಟಿಗೆ ಬಣ್ಣ ಮರಳಿತು. ವಯಸ್ಸಾದ ಡಾಕ್ಟರಮ್ಮ ಕನ್ನಡಕ ಮೂಗಿಗಿಳಿಸಿ ಕೇಳಿದರು.

"ದಿನದ ಇನ್‌ಹೇಲರ್ ಪಂಪ್ ತಪ್ಪಿಸ್ತಿಲ್ಲ ತಾನೆ? ಚೆನ್ನಾಗಿದಾಳೆ ಅಂತ ನಿಲ್ಲಿಸಬಾರದು. ಇನ್ನೊಂದು, ಹಾಸಿಗೆ, ಹೊದಿಕೆ, ಬೊಂಬೆ ಎಲ್ಲಾ ಬಿಸಿನೀರಲ್ಲಿ ಒಗೀತೀರಾ? ಒಗೆಯದ ಬಟ್ಟೇಲಿ ಕಣ್ಣಿಗೆ ಕಾಣದ ಹುಳ ಇರುತ್ತೆ…"

"ಎಲ್ಲಾ ಒಗೀತೀನಿ ಡಾಕ್ಟ್ರೇ. ಇದು ಕೆಳಗಿನ ಮರದ ಪುಡಿಯಿಂದ."

ಅವಳು ಸುಳ್ಳು ಹೇಳಲಿಲ್ಲ. ಹಾಸಿಗೆ, ದಿಂಬು, ಕಿಟಕಿಯ ಪರದೆ ಎಲ್ಲವನ್ನೂ ತಪ್ಪದೆ ಒಗೆಯುತ್ತಿದ್ದಳು. ಗುಬ್ಬಿ ಹೊದ್ದು ಮಲಗುತ್ತಿದ್ದ ಅಕ್ಕನ ಕೆಂಪು ಶಾಲೊಂದು ಮಾತ್ರ ನೀರು ಕಂಡಿರಲಿಲ್ಲ. ಒಗೆದರೆ ಅಕ್ಕನ ವಾಸನೆ ಹೋಗಿಬಿಡುತ್ತದೆ ಎಂದು ತಾಯಿ ಮಗಳಿಬ್ಬರೂ ಅದನ್ನು ಹಾಗೇ ಇಟ್ಟಿದ್ದರು. ಅವಳ ಲೆಕ್ಕದಲ್ಲಿ ಅದು ಹೊದಿಕೆಯೇ ಆಗಿರಲಿಲ್ಲ. ಅದು ಅಕ್ಕ.

ಮಾರನೆಯ ದಿನ ಅಂಗಡಿಯ ಬಾಗಿಲಿಗೆ ಒದ್ದೆ ಗೋಣಿಯ ಪರದೆ ಬಂತು. ಮೆಷಿನ್ ಕೆಲಸವೆಲ್ಲ ಗುಬ್ಬಿ ಸ್ಕೂಲಿನಲ್ಲಿರುವ ಹೊತ್ತಿಗೆ ಸರಿಯಿತು. ಆಮೇಲೊಂದು ಸಂಜೆ ಅವನು ಪುಟ್ಟ ಸ್ಟೂಲೊಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಅದಕ್ಕೆ ಮುಂದುಗಡೆ ಕೈ ಊರಲು ಒಂದು ಅಡ್ಡಪಟ್ಟಿ.

"ಆವತ್ತು ಗಾಡೀಲಿ ಮುಂದಕ್ಕೆ ಬಾಗಿ ಕೂತಿದ್ಲಲ್ಲ… ಕೈಗೆ ಆಸರೆ ಇದ್ರೆ ಆಗುತ್ತೆ ಅನ್ನಿಸ್ತು. ಪಾಲಿಶ್ ಹಾಕಿಲ್ಲ, ವಾಸನೆ ಆಗಲ್ಲ ಅಂತ."

ಅವಳಿಗೆ ಏನು ಹೇಳಬೇಕೋ ತೋಚಲಿಲ್ಲ. ಅವಳ ತಾಯಿಗೆ ತೋಚಿತು.

"ಅಡುಗೆಮನೆ ಬಾಗಿಲೂ ಕಿರ್‍ರ್ ಅಂತಿದೆ ಕಣಪ್ಪ. ಬಂದಿದೀಯಲ್ಲ, ಅದನ್ನೂ ಒಂದ್ಸಲ ನೋಡ್ಬಿಡು."

ಪಂಪ್ ತೆಗೆದುಕೊಳ್ಳುವುದೆಂದರೆ ಗುಬ್ಬಿಗೆ ಆಗುತ್ತಿರಲಿಲ್ಲ. ಕೊಳವೆಯ ತುದಿಯ ಮಾಸ್ಕನ್ನು ಮೂಗು ಬಾಯಿಗೆ ಒತ್ತಿ ಹಿಡಿದು ನಿಧಾನವಾಗಿ ಉಸಿರಾಡಬೇಕು. ಇವಳು ಗಾಬರಿಬಿದ್ದು ಕಿತ್ತೆಸೆಯುತ್ತಿದ್ದಳು. ಒಂದು ಬೆಳಿಗ್ಗೆ ಕೆಳಗೆ ಬಡಗಿ ಮೊಳೆ ಹೊಡೆಯುತ್ತಿದ್ದಾಗ ಮಗು ತಾನಾಗಿ ಆ ಸದ್ದಿಗೆ ಉಸಿರೆಳೆಯಿತು. ಇನ್ನೊಂದು ಸದ್ದಿಗೆ ಬಿಟ್ಟಿತು. ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ರೀ… ಸ್ವಲ್ಪ ನಿಧಾನಕ್ಕೆ ಹೊಡೀತೀರಾ?"

ಅಂದಿನಿಂದ ಅದು ದಿನದ ಪದ್ಧತಿಯಾಯಿತು. ಬೆಳಿಗ್ಗೆ ಅವಳು, ಸಂಜೆ ಅವಳ ತಾಯಿ ಕಿಟಕಿ ತೆರೆದರೆ ಸಾಕು, ಕೆಳಗೆ ಅವನು ಖಾಲಿ ಹಲಗೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಒಂದು ಟಕ್‌ಗೆ ಎಳೆದುಕೋ, ಇನ್ನೊಂದು ಟಕ್‌ಗೆ ಬಿಡು. ಗುಬ್ಬಿಯ ಬಾಯಲ್ಲಿ ಅವನು ಟಕಟಕ ಮಾಮನಾದ.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ, 'ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?' ಎಂದು ಕೇಳುವಾಗಲೂ ಅವಳಿಗೆ ಆ ಟಕ್ ಟಕ್ ಕೇಳಿಸತೊಡಗಿತು.

'ಏನಾಗ್ತಿದೆ ನನಗೆ? ಸುತ್ತಿಗೆ ಸದ್ದಿಗೆ ಯಾರಾದ್ರೂ ಮನಸು ಕೊಡ್ತಾರಾ?'

ಕೊಡುತ್ತಾರೆ. ಅವಳು ಕೊಟ್ಟಾಗಿತ್ತು. ಒಪ್ಪಿಕೊಳ್ಳುವುದೊಂದು ಬಾಕಿಯಿತ್ತು.

ಚಳಿ ಬಿತ್ತು. ನೆಗಡಿಯಿಂದ ಶುರುವಾದದ್ದು ಎದೆಗಿಳಿಯಿತು. ಈ ಸಲ ಮನೆಯ ಪಂಪ್‌ಗೂ ಬಗ್ಗಲಿಲ್ಲ, ನೆಬ್ಯುಲೈಸರ್‌ಗೂ ಬಗ್ಗಲಿಲ್ಲ. ಮಾತು ಮುಗಿಸಲೂ ಮಗುವಿಗೆ ಉಸಿರು ಸಾಲಲಿಲ್ಲ. ಆಕ್ಸಿಜನ್ ಹಾಕಿ ವಾರ್ಡಿಗೆ ಸೇರಿಸಿಕೊಂಡರು. ಸುದ್ದಿ ತಿಳಿದು ಬಡಗಿ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ತೋಳಿನ ಮೇಲೆ, ಹುಬ್ಬಿನ ಮೇಲೆ ಮರದ ಪುಡಿ.

ಆ ಪುಡಿ ಕಂಡದ್ದೇ ತಡ, ಅವಳೊಳಗಿನ ಭಯವೆಲ್ಲ ಮಾತಾಗಿ ಹೊರಬಿತ್ತು.

"ನೋಡ್ಕೊಳ್ಳಿ ನಿಮ್ಮನ್ನ. ಇದನ್ನೇ ಅಲ್ವಾ ಅವಳು ದಿನಾ ಉಸಿರಾಡ್ತಿರೋದು? ಸ್ಟೂಲು, ಟಕ್ ಟಕ್ ಅಂತ ನಾನೂ ಮರೆತುಬಿಟ್ಟೆ. ನೀವು ಆ ಅಂಗಡಿಗೆ ಬರದೇ ಇದ್ದಿದ್ರೆ ಚೆನ್ನಾಗಿತ್ತು."

ಅವನು ತೋಳಿನ ಮೇಲಿನ ಪುಡಿ ನೋಡಿಕೊಂಡ. ವಾರ್ಡಿನ ಗಾಜಿನಿಂದಾಚೆ ಮಗುವನ್ನು ಒಮ್ಮೆ ನೋಡಿ, ಹಾಗೇ ತಿರುಗಿ ನಡೆದ.

ಗುಬ್ಬಿ ಚೇತರಿಸಿಕೊಂಡು ಮನೆಗೆ ಬಂದಾಗ ಕೆಳಗಿನ ಅಂಗಡಿಯ ಷಟರ್ ಎಳೆದಿತ್ತು. ಒದ್ದೆ ಗೋಣಿ ಒಣಗಿ ಒಂದು ಮೂಲೆಯಲ್ಲಿ ಬಿದ್ದಿತ್ತು.

"ಟಕಟಕ ಮಾಮ ಎಲ್ಲಿ?"

"ಬೇರೆ ಕಡೆ ಹೋದ್ರು ಪುಟ್ಟ. ಪಂಪ್ ತಗೋ."

"ಬೇಡ."

ಒಳ್ಳೆಯದೇ ಆಯಿತು ಎಂದುಕೊಳ್ಳಲು ಅವಳು ಬಹಳ ಪ್ರಯತ್ನಪಟ್ಟಳು. ಪುಡಿಯಿಲ್ಲ, ಸದ್ದಿಲ್ಲ. ಇನ್ನು ಮಗು ಹುಷಾರಾಗುತ್ತದೆ.

ಆದರೆ ಆಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಕಿಟಕಿಗಳೆಲ್ಲ ಮುಚ್ಚಿದ್ದಾಗ, ಮಲಗಿದ್ದ ಗುಬ್ಬಿ ಸಿಳ್ಳೆಯುಸಿರಿನೊಂದಿಗೆ ಎದ್ದು ಕೂತಳು. ಪಂಪ್ ಕೊಟ್ಟು, ಅಪ್ಪಿಕೊಂಡು, ಬೆನ್ನು ನೀವುತ್ತಿದ್ದಾಗ ಕೆಂಪು ಶಾಲು ಮಗುವಿನ ಹೆಗಲಿಂದ ಜಾರಿ ಬಿತ್ತು. ಕಿಟಕಿಯ ಸಂದಿನಿಂದ ಇಳಿದಿದ್ದ ಬಿಸಿಲಿನಲ್ಲಿ ಧೂಳು ಎದ್ದು ಕುಣಿಯಿತು.

ಅವಳು ಶಾಲನ್ನು ಎತ್ತಿ ಇನ್ನೊಮ್ಮೆ ಕೊಡವಿದಳು. ಮತ್ತೂ ಎದ್ದಿತು.

ಡಾಕ್ಟರಮ್ಮನ ಮಾತು ಈಗ ಕಿವಿಗೆ ಬಿತ್ತು. ಆಸ್ಪತ್ರೆಯಲ್ಲಿ ಶಾಲಿರಲಿಲ್ಲ, ಮಗು ಬೇಗ ಚೇತರಿಸಿಕೊಂಡಿತ್ತು. ಊರಿನವರ ಕಣ್ಣಿಗೆ ಗಾಜು ಹಾಕುವವಳಿಗೆ ತನ್ನ ಮನೆಯ ಹಾಸಿಗೆಯ ಮೇಲಿನದು ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಬಕೆಟ್ಟಿಗೆ ಬಿಸಿನೀರು ಸುರಿಯುವಾಗ ತಾಯಿ ಓಡಿ ಬಂದು ಅವಳ ಕೈ ಹಿಡಿದುಕೊಂಡರು.

"ಒಗೀಬೇಡ ಕಣೇ. ಹೋಗ್ಬಿಡ್ತಾಳೆ ಅವಳು…"

"ಅವಳು ಹೋಗಿದಾಳಮ್ಮ. ಇವಳು ಇದಾಳೆ."

ತಾಯಿಯ ಹಿಡಿತ ಸಡಿಲಾಯಿತು. ಶಾಲಿಗೆ ಕೊನೆಯ ಸಲ ಮುಖವೊತ್ತಿ, ತಾವೇ ಅದನ್ನು ನೀರಿಗಿಳಿಸಿದರು. ಇಬ್ಬರೂ ಬಚ್ಚಲಲ್ಲಿ ಕೂತು ಅತ್ತರು. ಬಾಗಿಲಲ್ಲಿ ನಿಂತಿದ್ದ ಗುಬ್ಬಿಗೆ ಇದೆಲ್ಲ ಯಾಕೆಂದು ಅರ್ಥವಾಗಲಿಲ್ಲ.

"ಅಮ್ಮನ ವಾಸನೆ ಹೋಗುತ್ತೆ ಅಂತ ಅಳ್ತಿದೀವಿ ಪುಟ್ಟ," ಎಂದಳು ಚಿಕ್ಕಮ್ಮ.

"ಅದು ಅಮ್ಮನ ವಾಸನೇನಾ? ನಾನು ಅಜ್ಜಿ ವಾಸನೆ ಅನ್ಕೊಂಡಿದ್ದೆ."

ಅಜ್ಜಿ ಅಳುತ್ತಲೇ ನಕ್ಕರು. ಮೂಗು ಒರೆಸಿಕೊಂಡು ಮಗಳ ಕಡೆ ತಿರುಗಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೇ. ಪಾಪ, ಆ ಹುಡುಗನ್ನ ಓಡಿಸಿಬಿಟ್ಟೆ."

"ಈಗ ಎಲ್ಲಿ ಅಂತ ಹುಡುಕ್ಲಿ ಅಮ್ಮ?"

"ಹುಡುಕೋದು ಯಾಕೆ? ನಂಬರ್ ನನ್ ಹತ್ರ ಇದೆ. ನೀನು ಕೇಳ್ಲೇ ಇಲ್ಲ."

ಅವಳು ಬಾಯಿ ಬಿಟ್ಟು ನೋಡಿದಳು. ಬೆಳಿಗ್ಗೆ ತನ್ನ ಕೈಯಲ್ಲಿ ಹಟ ಮಾಡುವ ಮಗು, ತಾನು ಕನ್ನಡಕದ ಅಂಗಡಿಯಲ್ಲಿರುವ ಸಂಜೆ ಹೊತ್ತು ಮಾತ್ರ ಸುಮ್ಮನೆ ಪಂಪ್ ತೆಗೆದುಕೊಳ್ಳುತ್ತಿದ್ದುದು ಹೇಗೆಂದು ಈಗ ಹೊಳೆಯಿತು.

"ಫೋನಲ್ಲಿ ಟಕ್ ಟಕ್ಕಾ?"

"ಸ್ಪೀಕರ್ ಹಾಕಿ ಇಡ್ತೀನಿ. ಅವನು ಅಲ್ಲಿಂದ ತಟ್ತಾನೆ. ಅವರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ ಅಂದ." ಅಜ್ಜಿ ಏನೂ ನಡೆದೇ ಇಲ್ಲವೆಂಬಂತೆ ಶಾಲು ಹಿಂಡತೊಡಗಿದರು.

ಅವನ ಹೊಸ ಜಾಗ ಊರಂಚಿನ ಒಂದು ಹಳೆಯ ಗೋದಾಮು. ಅವಳು ಬಾಗಿಲಿಗೆ ಬಂದಳೋ ಇಲ್ಲವೋ, ಅವನು ಮೆಷಿನ್ ಆರಿಸಿದ. ಈ ಸಲ ಅವಳು ಕೂಗಿರಲಿಲ್ಲ.

"ಗುಬ್ಬಿಗೆ ಏನಾಯ್ತು?"

"ಏನೂ ಆಗಿಲ್ಲ. ಚೆನ್ನಾಗಿದಾಳೆ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಕೈ ಅಡ್ಡ ಹಿಡಿದ.

"ಅಲ್ಲೇ ನಿಲ್ಲಿ. ಹತ್ರ ಬರಬೇಡಿ."

ಅವಳು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು. 'ಕೋಪ ಇರೋದು ಸಹಜ. ನಾನು ಅಂದಿದ್ದು ಕಮ್ಮಿಯೇನಲ್ಲ…'

"ಇಲ್ಲೆಲ್ಲಾ ಪುಡಿ ಇದೆ. ನಿಮ್ಮ ಬಟ್ಟೆಗೆ ಹತ್ತುತ್ತೆ. ನೀವು ಹೋದ ತಕ್ಷಣ ಅವಳು ಬಂದು ತಬ್ಕೋತಾಳೆ. ಹೊರಗೆ ಮಾತಾಡೋಣ, ನಾನೇ ಬರ್ತೀನಿ."

ಅವನು ಮುಖ ತೊಳೆದು, ಅಂಗಿ ಬದಲಿಸಿ ಅಂಗಳಕ್ಕೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಶಾಲಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ತಪ್ಪು ನಂದು. ನಿಮ್ಮ ಮೇಲೆ ಹೊರಿಸಿಬಿಟ್ಟೆ."

"ಎಲ್ಲಾ ಶಾಲಿಂದೇ ಅಂತಲೂ ಅಲ್ಲ. ಮರದ ಪುಡೀನೂ ಅವಳಿಗೆ ಒಳ್ಳೇದಲ್ಲ." ಅವನು ಕೈ ನೋಡಿಕೊಂಡ. "ನೀವು ಬೈದಿದ್ದಕ್ಕೆ ನಾನು ಬಿಟ್ಟು ಬರ್ಲಿಲ್ಲ. ನೀವು ಹೇಳಿದ್ದು ನಿಜ ಇದ್ರೆ ಏನ್ ಗತಿ ಅಂತ ಹೆದರಿಕೆ ಆಯ್ತು. ಆ ಗಾಜಿನಾಚೆ ಅವಳನ್ನ ನೋಡಿದ್ಮೇಲೆ ಅಲ್ಲಿ ಗರಗಸ ಮುಟ್ಟೋಕೆ ಆಗ್ಲಿಲ್ಲ."

"ನನಗೆ ಒಂದು ಮಾತು ಹೇಳ್ಬೋದಿತ್ತು."

"ಹೇಳೋಕೆ ಇದ್ದಿದ್ದು ಆ ಮಾತೊಂದೇ ಆಗಿರ್ಲಿಲ್ಲ. ಅದಕ್ಕೇ ಸುಮ್ಮನಾದೆ."

"ಇನ್ನೇನಿತ್ತು?"

"ಬೆಳಿಗ್ಗೆ ನೀವು ಕಿಟಕಿ ತೆರೆಯೋದನ್ನ ಕಾಯ್ತಿದ್ದೆ. ಮಗೂಗೋಸ್ಕರ ಅಂತ ನನಗೆ ನಾನೇ ಹೇಳ್ಕೋತಿದ್ದೆ… ಪೂರ್ತಿ ನಿಜ ಅಲ್ಲ ಅದು."

ಅವಳು ತಲೆ ತಗ್ಗಿಸಿದಳು. ನಾಚಿಕೆಯೂ ಆಯಿತು, ನೆಮ್ಮದಿಯೂ ಆಯಿತು.

"ಗುಬ್ಬಿಯನ್ನ ಬಿಟ್ಟು ನಾನಿಲ್ಲ. ಅವಳ ಕಾಯಿಲೆ ಇವತ್ತಿಗೆ ಮುಗಿಯೋದೂ ಅಲ್ಲ. ಯಾವಾಗ ಬೇಕಾದ್ರೂ ಆಸ್ಪತ್ರೆಗೆ ಓಡ್ಬೇಕಾಗುತ್ತೆ."

"ಗಾಡಿ ಇದೆಯಲ್ಲ."

ಅವಳಿಗೆ ನಗು ಬಂತು.

"ಹಾಗಾದ್ರೆ ಮರ, ಮೆಷಿನ್ ಎಲ್ಲಾ ಇಲ್ಲೇ ಇರ್ಲಿ. ನೀವು ಮಾತ್ರ ಬನ್ನಿ."

"ಎಲ್ಲಿಗೆ?"

"ಮನೆಗೆ. ನಮ್ಮನೆಗೆ."

ಅಂದು ಸಂಜೆ ಅವನು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಮೆಟ್ಟಿಲು ಹತ್ತಿದ. ಹಗ್ಗದ ಮೇಲೆ ಕೆಂಪು ಶಾಲು ಒಣಗುತ್ತಿತ್ತು. ಗುಬ್ಬಿ ತನ್ನ ಸ್ಟೂಲಿನ ಮೇಲೆ ಮಹಾರಾಣಿಯ ಹಾಗೆ ಕೂತು ತಾನೇ ಮಾಸ್ಕ್ ಹಿಡಿದುಕೊಂಡಳು. ಅವನು ಸುತ್ತಿಗೆ ತಂದಿರಲಿಲ್ಲ. ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಬೆರಳಿನಿಂದಲೇ ತಟ್ಟಿದ.

ಟಕ್. ಮಗು ಉಸಿರೆಳೆಯಿತು. ಟಕ್. ಬಿಟ್ಟಿತು. ಸಿಳ್ಳೆಯಿಲ್ಲದ, ಬರಿಯ ಉಸಿರು.

ಪಕ್ಕದಲ್ಲಿ ಕೂತ ಅವಳ ಕೈಯನ್ನು ಅವನ ಇನ್ನೊಂದು ಕೈ ಮೆಲ್ಲಗೆ ಹಿಡಿಯಿತು. ಅವಳು ಅಲುಗಾಡಲಿಲ್ಲ. ಇಷ್ಟು ವರ್ಷ ಮಗುವಿನ ಪ್ರತಿ ಉಸಿರಿಗೂ ಕಿವಿಯಾನಿಸಿ ಕೂತವಳಿಗೆ ತನ್ನದರ ನೆನಪೇ ಇರಲಿಲ್ಲ.

ಗುಬ್ಬಿ ಮಾಸ್ಕ್ ಸರಿಸಿ ಚಿಕ್ಕಮ್ಮನ ಮುಖವನ್ನೇ ನೋಡಿದಳು.

"ಚಿಕ್ಕಮ್ಮಾ, ನೀನ್ಯಾಕೆ ಉಸಿರು ಹಿಡ್ಕೊಂಡಿದೀಯ? ಮಾಮ ಟಕ್ ಅಂದ್ನಲ್ಲ… ಬಿಡು."

ಅವಳು ಬಿಟ್ಟಳು.