ನಾಲ್ಕರ ಮುಂದಿನ ಚುಕ್ಕಿ

"ನೀವು ಅಮೋಘಿ ಅಲ್ರಿ?"

ಬಾಗಿಲ ಬಳಿ ಕುಳಿತಿದ್ದವನು ತಲೆ ಎತ್ತಿದ. ಅತ್ತು ಕೆಂಪಾದ ಕಣ್ಣುಗಳು. ಕೈಯಲ್ಲಿ ಒಂದು ಹಳೆಯ ಫೋನು.

"ಹೌದ್ರಿ. ನೀವು..."

"ಮೃಣಾಲ. ವಿಜಯಪುರದಾಕಿ."

ಹೆಸರು ಕೇಳಿದ್ದೇ ತಡ, ಅವನು ಫೋನನ್ನು ಜೇಬಿಗೆ ತುರುಕಿಕೊಂಡ. ಅಂಗಳ ದಾಟಿ ಹೋಗಿಬಿಟ್ಟ.

ಮೃಣಾಲಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಮೂರು ವರ್ಷದಿಂದ ದಿನವೂ ಬರೆದು ಮಾತಾಡಿದವನು ಇವನೇನಾ? ಮೊದಲ ಸಲ ಮುಖ ನೋಡಿದ್ದು ಇಂಥ ದಿನ... ಅದೂ ಹೀಗೆ...

ಟಿಕೋಟಾದ ಆ ಮನೆಯ ಒಳಗೆ ತೀರಿಕೊಂಡ ಶಿವಯೋಗೆಪ್ಪ ಮಾಸ್ತರರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಮಗಳು ಸುಮಂಗಲಾ ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದಳು.

"ಮುಂಜಾನಿ ಚೊಲೋ ಇದ್ದರವ್ವಾ," ಎಂದಳು ಮೃಣಾಲಳನ್ನು ಕಂಡು. "ನಾ ಅಂಗನವಾಡಿಯಿಂದ ಬರೂದ್ರಾಗ ಆಗಿಹೋಗಿತ್ತು. ಸಕ್ಕರಿ ಒಮ್ಮೆಲೆ ಇಳದೈತಿ ಅಂದ್ರು ಡಾಕ್ಟರು."

ಯಾಕೆ ಇಳಿಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಮಾಸ್ತರರಿಗೆ ನಲವತ್ತರ ವಯಸ್ಸಿಗೇ ಕಣ್ಣು ಹೋಗಿದ್ದವು. ಫೋನಿನಲ್ಲಿ ಬಂದದ್ದನ್ನೆಲ್ಲ ಕುರುಡರಿಗೆ ಕನ್ನಡದಲ್ಲಿ ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ಅವರು ನಾಲ್ಕಾರು ಹುಡುಗರನ್ನು ಕಟ್ಟಿಕೊಂಡು ಶುರುಮಾಡಿದ್ದರು. ಅದರ ಹೆಸರು ಓದುಗಣ್ಣು. ಅದು ಓಪನ್ ಸೋರ್ಸ್. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದನ್ನು ಇನ್ನೊಬ್ಬರು ಓದಿ ಒಪ್ಪಿದರೆ ಅದು ಸಾವಿರಾರು ಫೋನುಗಳಿಗೆ ಹೋಗುತ್ತಿತ್ತು. ಎಲ್ಲದಕ್ಕೂ ಮೇಲೆ ಒಬ್ಬ ಮುಖ್ಯ ನಿರ್ವಾಹಕ. ಇಷ್ಟು ವರ್ಷ ಅದು ಮಾಸ್ತರರೇ.

ಮೃಣಾಲ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮನೆಯಲ್ಲಿ ಕುಳಿತು ಅವಳು ಬರೆದು ಕಳಿಸಿದ ಕೋಡನ್ನು, ಜೈನಾಪುರದಲ್ಲಿ ಕುಳಿತು ಓದಿ ಒಪ್ಪುತ್ತಿದ್ದವನು ಅಮೋಘಿ. ಕುರಿ ಸಾಕುವ ಮನೆಯವನು. ಬಬಲೇಶ್ವರದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ತಾಯಿಗೆ ಕಣ್ಣು ಕಾಣುವುದಿಲ್ಲವೆಂದು ಈ ಕೆಲಸಕ್ಕೆ ಬಂದವನು.

ಅವನು ಬರೆಯುವ ಟಿಪ್ಪಣಿಯ ಕೊನೆಗೆ ಕೆಲಸಕ್ಕೆ ಸಂಬಂಧವಿಲ್ಲದ ಒಂದು ಸಾಲು ಇರುತ್ತಿತ್ತು. 'ಇವತ್ತು ಎರಡು ಮರಿ ಹುಟ್ಟಿದವು.' 'ಜ್ವರ ಕಡಿಮಿ ಆತೇನ್ರಿ?' ಆ ಒಂದು ಸಾಲಿಗಾಗಿ ಮೃಣಾಲ ಕಾಯುತ್ತಿದ್ದಳು. ಹಾಗೆಂದು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ.

ಮಾಸ್ತರರು ಹೋದ ನಾಲ್ಕನೆಯ ದಿನ ಹೊಸ ಮುಖ್ಯ ನಿರ್ವಾಹಕರ ಚುನಾವಣೆ ನಿಗದಿಯಾಯಿತು. ಮತ ಹಾಕುವವರು ನಲವತ್ತೊಂದು ಮಂದಿ. 'ನನ್ನ ನಂತರ ನೀನೇ ನಿಲ್ಲಬೇಕವಾ' ಎಂದು ಮಾಸ್ತರರು ಎಷ್ಟೋ ಸಲ ಅಂದಿದ್ದರು. ಮೃಣಾಲ ಹೆಸರು ಕೊಟ್ಟಳು. ಎದುರಿಗೆ ಯಾರೂ ನಿಲ್ಲುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಒಂದು ತಾಸಿನೊಳಗೆ ಅಮೋಘಿ ಹೆಸರು ಕೊಟ್ಟ. ಕೆಳಗೆ ಒಂದೇ ಸಾಲು: 'ಮೃಣಾಲ ಅವರು ನಿಲ್ಲಬಾರದೆಂದು ನನ್ನ ವಿನಂತಿ.'

ಕಾರಣ ಬರೆದಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

'ಏನೋ ಇರಬೇಕು' ಎಂದು ಗುಂಪಿನಲ್ಲಿ ಮಾತು ಶುರುವಾಯಿತು. ಹೆಣ್ಣು ಮುಂದೆ ನಿಲ್ಲುವುದು ಇವನಿಗೂ ಆಗುವುದಿಲ್ಲವೇ? ಹಾಗಾದರೆ ಆ ಸಾಲುಗಳೆಲ್ಲ... ಆ ಮರಿಗಳು, ಆ ಜ್ವರ... ಎಲ್ಲವೂ ಸುಳ್ಳೇ? ಊಟ ಸೇರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಕಾಲೇಜಿಗೆ ರಜೆ ಹಾಕಿ ಬಬಲೇಶ್ವರದ ಬಸ್ಸು ಹತ್ತಿದಳು. ಅಲ್ಲಿಂದ ಜೈನಾಪುರಕ್ಕೆ ಟಂಟಂ ಆಟೋ.

ಮನೆಯ ಕಟ್ಟೆಯ ಮೇಲೆ ಅಮೋಘಿಯ ತಾಯಿ ಹುಚ್ಚವ್ವ ಉಣ್ಣೆ ಹಿಂಜುತ್ತ ಕುಳಿತಿದ್ದಳು.

"ಯಾರ ಬೇ ಅದು?"

"ಮೃಣಾಲ ಅಂತರಿ. ವಿಜಯಪುರದಿಂದ ಬಂದೇನಿ."

ಮುದುಕಿಯ ಕೈ ನಿಂತಿತು. "ನೀನ ಏನವ್ವಾ... ನನ್ನ ಮಗಗ ಏನಾಗೈತಿ, ನೀನರ ಕೇಳು. ಕೂಳ ಬಿಟ್ಟಾನ. ಮಾಸ್ತರ ಫೋನ್ ಹಿಡ್ಕೊಂಡು ಒಂದ ಮಾತು ಮತ್ತ ಮತ್ತ ಕೇಳ್ತಾನ. ನಲವತ್ತು, ನಲವತ್ತು ಅಂತೈತಿ ಅದು. ಕೇಳ್ತಾನ, ಅಳ್ತಾನ."

ಅಮೋಘಿ ಮನೆಯ ಹಿಂದೆ ಕುರಿದಡ್ಡಿಯಲ್ಲಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಮೇವು ಕೆಳಗಿಟ್ಟ.

ಜಗಳಕ್ಕೆಂದು ಬಂದವಳು ಬೇರೆಯೇ ಕೇಳಿದಳು. "ನಲವತ್ತು ಅಂದ್ರ ಏನ್ರಿ?"

"ಮನೀಗಿ ಹೋಗ್ರಿ ಮೃಣಾಲ. ಕೈ ಮುಗೀತೇನಿ."

"ಫೋನ್ ಕೊಡ್ರಿ."

ಅವನು ಅಂಗಿಗೆ ಕೈ ಒರೆಸಿಕೊಂಡು ಮಾಸ್ತರರ ಫೋನನ್ನು ಜೇಬಿನಿಂದ ತೆಗೆದ. ಆಮೇಲೆ ಕೊಟ್ಟ.

ಮಾಸ್ತರರಿಗೆ ಡಾಕ್ಟರು ಕಳಿಸಿದ ಕೊನೆಯ ಸಂದೇಶ. 'ನಾಳೆಯಿಂದ ಹೊಸ ಇನ್ಸುಲಿನ್. ನಾಷ್ಟಾಕ್ಕೆ ಮುಂಚೆ 4.0 ಯೂನಿಟ್.' ಅವಳು ಅದನ್ನು ಒತ್ತಿದಳು. ಓದುಗಣ್ಣಿನ ದನಿ ಸ್ಪಷ್ಟವಾಗಿ ಓದಿತು: ನಲವತ್ತು ಯೂನಿಟ್.

ಮತ್ತೆ ಒತ್ತಿದಳು. ನಲವತ್ತು ಯೂನಿಟ್.

ಹಳೆಯ ಇನ್ಸುಲಿನ್ ಮೂವತ್ತೆರಡು ಇತ್ತು. ನಲವತ್ತು ಅಂದಾಗ ಮಾಸ್ತರರಿಗೆ ಸಂಶಯ ಬಂದಿರಲಿಕ್ಕಿಲ್ಲ. ಚುಚ್ಚುವ ಪೆನ್ನಿನ ಟಕ್ ಟಕ್ ಸದ್ದನ್ನು ಎಣಿಸಿಕೊಂಡು ನಲವತ್ತಕ್ಕೆ ತಿರುಗಿಸಿದ್ದರು.

ಮೃಣಾಲ ಸಂದೇಶವನ್ನು ಕಣ್ಣಿನಿಂದ ಮತ್ತೊಮ್ಮೆ ಓದಿದಳು. ಚುಕ್ಕಿ... ಸಾಲಿನ ಕೊನೆಗೆಲ್ಲ 'ಚುಕ್ಕಿ, ಚುಕ್ಕಿ' ಅಂತ ಓದುತ್ತದೆ, ಕಿರಿಕಿರಿ ಎಂದು ಜನ ದೂರಿದ್ದರು. ಚುಕ್ಕಿಗಳನ್ನು ಬಿಟ್ಟು ಓದುವಂತೆ ಎರಡು ತಿಂಗಳ ಹಿಂದೆ ಬರೆದವಳು ತಾನೇ. ಅಂಕಿಯ ನಡುವಿನ ಚುಕ್ಕಿ ಅವಳಿಗೆ ನೆನಪೇ ಆಗಿರಲಿಲ್ಲ.

"ನಾ ಬರದದ್ದು," ಎಂದಳು.

"ನಾ ಒಪ್ಪಿದ್ದು. ಐದು ನಿಮಿಷದಾಗ ಒಪ್ಪಿದೆ. ಓದಲೇ ಇಲ್ಲ."

"ಯಾಕ ಓದಲಿಲ್ಲ?"

"ನಿಮ್ಮ ಹೆಸರಿತ್ತು."

ದಡ್ಡಿಯಲ್ಲಿ ಒಂದು ಕುರಿ ಕೆಮ್ಮಿತು.

"ಮಾಸ್ತರ ಹೋದ ದಿನಾನ ತಿದ್ದಿ ಕಳಿಸೇನಿ," ಎಂದ ಅಮೋಘಿ ನೆಲ ನೋಡುತ್ತ. "ಯಾಕಂತ ಮಾತ್ರ ಬರೀಲಿಲ್ಲ. ನೀವು ಗೆದ್ರ ಹಳೇ ಕೆಲಸ ಎಲ್ಲಾ ತಗದು ನೋಡ್ತಾರ, ನಿಮ್ಮನ್ನ ಹರದು ತಿಂತಾರ. ನಾ ಗೆದ್ದು, ಒಪ್ಪಿದಾಂವ ನಾನು, ತಪ್ಪು ನಂದ ಅಂತ ಹೇಳಿ ಮುಗಿಸಬೇಕಂತ ಮಾಡಿದ್ದೆ. ನಿಮಗ ಗೊತ್ತ ಆಗಬಾರದಿತ್ತು."

"ಹೊಸಾದು ಹಾಕ್ಕೊಳ್ಳದವರು?"

"ಆಂ?"

"ಇನ್ನೂ ಎಷ್ಟು ಮಂದಿ ಫೋನಿನ್ಯಾಗ ಹಳೇದ ಐತಿ, ಅಮೋಘಿ? ಅವರೂ ಗುಳಿಗಿ ತಗೋತಾರ, ಅವರೂ ಸೂಜಿ ಚುಚ್ಕೋತಾರ. ನನ್ನ ಉಳಿಸಾಕ ಒಂಬತ್ತು ದಿನ ಅವರನ್ನ ಬಿಟ್ಟೀರಿ ನೀವು."

ಅಮೋಘಿ ಹಾಗೇ ನೆಲಕ್ಕೆ ಕುಸಿದು ಕುಳಿತ. "ನಿಮ್ಮನ್ನ ಕಳಕೋತೇನಿ ಅನ್ನೂದೊಂದ ತಲ್ಯಾಗಿತ್ತು. ಮೂರು ವರ್ಷಾತು, ಪ್ರೀತಿ..."

"ಇದಕ್ಕ ಆ ಹೆಸರು ಇಡಬ್ಯಾಡ್ರಿ."

ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಅದು ಬಂದದ್ದು ಹೀಗೆ. ಮೃಣಾಲ ಕಣ್ಣೊರೆಸಿಕೊಂಡಳು. ಹುಚ್ಚವ್ವನ ಪಕ್ಕ ಕಟ್ಟೆಯ ಮೇಲೆ ಕುಳಿತು ಗುಂಪಿನ ಎಲ್ಲರಿಗೂ, ಬಳಕೆದಾರರಿಗೂ ಬರೆದಳು. ಓದುಗಣ್ಣು ಎರಡು ತಿಂಗಳಿಂದ ಅಂಕಿಯ ನಡುವಿನ ಚುಕ್ಕಿ ಬಿಟ್ಟು ಓದುತ್ತಿದೆ. ಕೂಡಲೇ ಹೊಸದನ್ನು ಹಾಕಿಕೊಳ್ಳಿ, ಅಲ್ಲಿಯತನಕ ಔಷಧದ ಅಂಕಿ ನಂಬಬೇಡಿ. ತಪ್ಪು ಬರೆದವಳು ಮೃಣಾಲ. ಚುನಾವಣೆಯಿಂದ ಹಿಂದೆ ಸರಿದಿದ್ದೇನೆ.

ಮಾಸ್ತರರ ಹೆಸರು ಬರೆಯಲಿಲ್ಲ. ಅದನ್ನು ಮೊದಲು ಕೇಳಬೇಕಾದವಳು ಸುಮಂಗಲಾ.

ಅಮೋಘಿ ಬಂದು ಕೆಳಗೆ ಸೇರಿಸಿದ: ಓದದೆ ಒಪ್ಪಿದವನು, ಗೊತ್ತಾದ ಮೇಲೂ ಮುಚ್ಚಿಟ್ಟವನು ಅಮೋಘಿ. ನಾನೂ ಸರಿದಿದ್ದೇನೆ.

ಹತ್ತು ನಿಮಿಷದೊಳಗೆ ಕಾಖಂಡಕಿಯಿಂದ ಒಬ್ಬಾಕೆ ಬರೆದಳು: 'ನಿನ್ನಿ ನಮ್ಮಪ್ಪಗೂ ಹಂಗ ಓದಿತ್ತು. ಪುಣ್ಯಾಕ ನಾ ಬಾಜೂಕ ಇದ್ದೆ.' ಅದನ್ನು ಓದಿ ಅಮೋಘಿ ಗೋಡೆಯ ಕಡೆ ಮುಖ ತಿರುಗಿಸಿದ.

ಇಬ್ಬರೂ ಅದೇ ಮಧ್ಯಾಹ್ನ ಟಿಕೋಟಾಕ್ಕೆ ಹೋದರು. ಸುಮಂಗಲಾ ನಿಂತುಕೊಂಡೇ ಕೇಳಿದಳು. ಮೃಣಾಲ ಒಂದನ್ನೂ ಬಿಡದೆ ಹೇಳಿದಳು. ಅಮೋಘಿ ಮಾಸ್ತರರ ಫೋನನ್ನು ಅವಳ ಕೈಗಿಟ್ಟ.

"ಮಂದಿಗಿ ಸುದ್ದಿ ತಿಳಸು ಅಂತ ನಾನ ನಿನ್ನ ಕೈಯಾಗ ಕೊಟ್ಟಿದ್ದೆ ಇದನ್ನ," ಎಂದಳು ಸುಮಂಗಲಾ. ಮತ್ತೆ ಮೃಣಾಲಳ ಕಡೆ ತಿರುಗಿ, "ನಮ್ಮಪ್ಪ ನಿನ್ನ ಹೆಸರು ಹೇಳದ ದಿನಾ ಇರಲಿಲ್ಲ."

"ಅಕ್ಕಾ..."

"ಬ್ಯಾಡ. ಬಂದು ಹೇಳಿದಿರಿ, ಅಷ್ಟ ಸಾಕು. ಇನ್ನ ಈ ಮನೀಗಿ ಬರಬ್ಯಾಡ್ರಿ."

ಬಾಗಿಲು ಮುಚ್ಚಿತು.

ಮರುದಿನ ಮಾಸ್ತರರ ಸಾವಿನ ಕಾರಣವೂ ಎಲ್ಲರಿಗೂ ತಿಳಿಯಿತು. ಯಾರೋ 'ಕೊಲೆಗಾತಿ' ಎಂದು ಬರೆದರು. ಮೃಣಾಲ ಅದನ್ನು ಅಳಿಸಲು ಕೇಳಲಿಲ್ಲ. ವಿಜಯಪುರದ ಸ್ಟೇಶನ್ ರೋಡಿನ ಇಸಾಕ, ಹುಟ್ಟು ಕುರುಡ, ಚುನಾವಣೆಗೆ ನಿಂತು ಮೂವತ್ತಾರು ಮತ ಪಡೆದ. ಅವನ ಮೊದಲ ಆದೇಶ ಹೀಗಿತ್ತು: ಈ ಇಬ್ಬರೂ ಒಂದು ವರ್ಷ ಯಾರ ಕೆಲಸವನ್ನೂ ಒಪ್ಪುವಂತಿಲ್ಲ. ಬರೆಯಬಹುದು. ಅಂಕಿಗೆ ಸಂಬಂಧಿಸಿದ್ದನ್ನು ಇಬ್ಬರು ಕುರುಡರು ಕಿವಿಯಾರೆ ಕೇಳಿದ ಮೇಲೆಯೇ ಹೊರಬಿಡಬೇಕು.

ಹಾಗಾಗಿ ಭಾನುವಾರಕ್ಕೊಮ್ಮೆ ಮೃಣಾಲ, ಅಮೋಘಿ ಇಬ್ಬರೂ ಇಸಾಕನ ಮನೆಗೆ ಬರುತ್ತಿದ್ದರು. ಅವನ ಮುಂದೆ, ಇನ್ನೊಬ್ಬ ಕುರುಡನ ಮುಂದೆ ಫೋನಿಟ್ಟು ಕುಳಿತು ಅಂಕಿ ಓದಿಸುತ್ತಿದ್ದರು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಮೃಣಾಲ ತಿಂಗಳಿಗೊಮ್ಮೆ ಸುಮಂಗಲಾಳಿಗೆ ಪತ್ರ ಬರೆಯುತ್ತಿದ್ದಳು. ಉತ್ತರ ಬರಲಿಲ್ಲ.

ಐದನೆಯ ತಿಂಗಳ ಒಂದು ಭಾನುವಾರ ಕೆಲಸ ಮುಗಿಸಿ ಬಂದ ಮೃಣಾಲ ಸಿಟಿ ಬಸ್ಸಿಗೆ ಕಾಯುತ್ತ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಮಳೆ ಬರದ ಮೋಡ ತುಂಬಿದ ಮಧ್ಯಾಹ್ನ. ಜೈನಾಪುರದ ಕಡೆ ಹೋಗಬೇಕಾದ ಅಮೋಘಿ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನ ಬಸ್ಸು ಬಂತು. ಹೋಯಿತು. ಅವನು ಹತ್ತಲಿಲ್ಲ.

"ನಿಮ್ಮ ಬಸ್ ಹೋತಲ್ರಿ."

"ನೋಡಿದೆ." ಅವನು ಎರಡು ಹೆಜ್ಜೆ ಹತ್ತಿರ ಬಂದ. "ಒಂದು ಹೇಳೂದಿತ್ತು. ಒಪ್ಪೂ ಅಧಿಕಾರ ನನಗಿಲ್ಲ. ಆದ್ರೂ ನೀವು ಬರದದ್ದನ್ನ ಪ್ರತಿ ಸಾಲು ಓದೇನಿ. ಹನ್ನೊಂದು ತಪ್ಪು ಸಿಕ್ಕಾವು."

ಮೃಣಾಲ ಅವನನ್ನು ನೋಡಿದಳು. ಎಷ್ಟು ಸೊರಗಿದ್ದಾನೆ. ತಾನೂ ಹೀಗೇ ಕಾಣುತ್ತಿರಬೇಕು... ಇನ್ನು ಬೇರೆ ಯಾರ ಮುಂದೆ ಕುಳಿತರೂ ತನ್ನ ಅರ್ಧ ಅವರಿಗೆ ತಿಳಿಯುವುದಿಲ್ಲ. ಇವನೊಬ್ಬನಿಗೆ ಎಲ್ಲ ಗೊತ್ತು.

"ಹನ್ನೊಂದೂ ನನಗ ಹೇಳ್ತೀರಿ?"

"ಹೇಳ್ತೇನಿ. ನಿಮಗ ನೋವಾದ್ರೂ ಹೇಳ್ತೇನಿ."

"ಹೇಳಿದ ಮ್ಯಾಲ?"

"ನಿಮ್ಮ ಬಾಜೂಕ ಕುಂತು ತಿದ್ದತೇನಿ."

"ಎಷ್ಟು ದಿನ?"

ಅವನ ಕಣ್ಣು ತುಂಬಿಕೊಂಡಿದ್ದವು. "ಸಾಕು, ಎದ್ದು ಹೋಗ್ರಿ ಅಂತ ನೀವು ಅನ್ನೂತನಕ."

ಮೃಣಾಲ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ನಾ ಹಂಗ ಅನ್ನಂಗಿಲ್ಲ," ಎಂದಳು. "ಕುಂದರ್ರಿ. ಮೊದಲನೇ ತಪ್ಪು ಹೇಳ್ರಿ."