ಬೆಳಕಿನ ಸವತಿ

"ರೀ, ಸ್ವಲ್ಪ ಆ ಕಡೆ ಸರೀರಿ... ಅವರು ಬರೋ ಹೊತ್ತಾಯ್ತು!"

ಡೋಲುಗಾರ ಅವಳೊಂದಿಗೆ ಆಡಿದ ಮೊಟ್ಟಮೊದಲ ಮಾತು ಇದು. ಗದರಿದರೂ ಇಂಪಾಗಿ ಕೇಳುವ ದನಿ! ಅವಳು ಸರಿಯುವುದನ್ನೂ ಮರೆತು ಅವನನ್ನೇ ನೋಡಿದಳು... ಅಷ್ಟರಲ್ಲೇ ವೇದಿಕೆಯ ಮೇಲೆ ಬೆಳಕು ಸುರುಳಿ ಸುತ್ತಿ, 'ಅವರು' ಬಂದೇಬಿಟ್ಟರು.

ಹೆಸರಾಂತ ನರ್ತಕಿ. ಕುಣಿಯುವುದು ಸಮುದ್ರದಾಚೆಯ ಸ್ಟುಡಿಯೋದಲ್ಲಿ. ಕಾಣುವುದು ಇಲ್ಲಿ, ಹಾಲೊಗ್ರಾಮ್ ಆಗಿ. ಮುಟ್ಟಹೋದರೆ ಬರೀ ಗಾಳಿ. ಆಕೆ ಬರುವ ತನಕ ಆಕೆಯ ಜಾಗದಲ್ಲಿ ಕುಣಿದು, ದೀಪದವರಿಗೆ ಅಂದಾಜು ಕೊಡುವುದೇ ನಮ್ಮ ಹುಡುಗಿಯ ಕೆಲಸ. ತಂಡಕ್ಕೆಲ್ಲ ಅವಳು 'ಗುಬ್ಬಿ'.

ಎರಡು ತಿಂಗಳಲ್ಲಿ ಗುಬ್ಬಿಯೂ ಡೋಲುಗಾರನೂ ಒಂದೇ ಲೋಟದ ಕಾಫಿ ಹಂಚಿಕೊಳ್ಳುವಷ್ಟು ಹತ್ತಿರವಾದರು. ಆದರೆ ಒಂದು ಮುಳ್ಳು... ಅವಳು ಕುಣಿಯುವಾಗ ಅವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ನರ್ತಕಿ ಬಂದರೋ, ರೆಪ್ಪೆಯನ್ನೂ ಬಡಿಯುತ್ತಿರಲಿಲ್ಲ!

'ನಾನು ನೋಡೋಕೂ ಬೇಡವಾದೆನಾ? ಆ ಗಾಳಿಗೊಂಬೇನ ತಿಂದುಬಿಡೋ ಹಾಗೆ ನೋಡ್ತಾನಲ್ಲ!'

"ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಮೇಕಪ್ ಅಕ್ಕ ಕೆಣಕಿದಳು. "ಬೆಳಕಿನ ಮೇಲೂ ಹೊಟ್ಟೆಕಿಚ್ಚಾ?"

"ನಂಗ್ಯಾಕಕ್ಕ ಹೊಟ್ಟೆಕಿಚ್ಚು? ಕಾಲು ನೆಲಕ್ಕೆ ತಾಗದವರನ್ನ ನಮ್ಮಜ್ಜಿ ದೆವ್ವ ಅಂತಿದ್ರು, ಅಷ್ಟೇ!"

ಪ್ರದರ್ಶನದ ಹಿಂದಿನ ದಿನ, ಊಟದ ಬಿಡುವು. ವೇದಿಕೆಯಲ್ಲಿ ಯಾರೂ ಇಲ್ಲ. ಡೋಲುಗಾರ ಕೂರುವ ಜಾಗದ ಗುರುತಿಗೆ ಅಂಟಿಸಿದ್ದ ನೀಲಿ ಟೇಪನ್ನು ಗುಬ್ಬಿ ಸರ್ರನೆ ಕಿತ್ತಳು. ಎರಡು ಮಾರು ಆಚೆ ಅಂಟಿಸಿದಳು. 'ಅವಳಿಂದ ದೂರವೇ ಇರಲಿ!'

ನೃತ್ಯದ ಕೊನೆಯ ಸುತ್ತು ಆ ಜಾಗದಲ್ಲೇ ಬರುತ್ತದೆಂಬುದು ಹೊಟ್ಟೆಕಿಚ್ಚಿನಲ್ಲಿ ಮರೆತೇಹೋಗಿತ್ತು...

ಅಭ್ಯಾಸ ಮುಗಿಯುವ ಹೊತ್ತಿಗೆ ನರ್ತಕಿ ಗಿರಗಿರನೆ ತಿರುಗುತ್ತಾ ನೇರವಾಗಿ ಅವನ ಎದೆಯೊಳಗಿಂದಲೇ ಹಾದುಹೋದರು! ಅವನು ಬೆಚ್ಚಿಬಿದ್ದ. ತಾಳ ತಪ್ಪಿತು.

"ಟೇಪು ಕಾಣಲ್ವೇನ್ರೀ?" ನಿರ್ದೇಶಕಿ ಕಿಡಿಕಾರಿದರು. "ನಾಳೆಗೆ ಬೇರೆಯವರನ್ನ ಕೂರಿಸ್ತೀನಿ!"

ಅವನು ತಲೆ ತಗ್ಗಿಸಿದ. ಗುಬ್ಬಿ ಮುಂದೆ ಬಂದಳು.

"ಅವರ ತಪ್ಪಿಲ್ಲ ಮೇಡಂ! ಟೇಪು ಸರಿಸಿದ್ದು... ನಾನು."

"ಓಹೋ! ಹಾಗಾದ್ರೆ ನಾಳೆಯಿಂದ ನೀನು ಬರಬೇಡ."

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದವಳನ್ನು ಅವನು ಓಡಿಬಂದು ತಡೆದ.

"ಯಾಕೇ ಹೀಗೆ ಮಾಡ್ದೆ?"

"ಅವಳನ್ನ ಕಣ್ತುಂಬ ನೋಡ್ತೀರಿ. ನಾನು ಕುಣಿದ್ರೆ ಕಣ್ಣೇ ಮುಚ್ಕೋತೀರಿ!"

ಅವನು ಕಣ್ಣರಳಿಸಿದ. "ಅಯ್ಯೋ ಹುಚ್ಚಿ! ಅವರ ಹೆಜ್ಜೆ ಸದ್ದು ಚಿತ್ರಕ್ಕಿಂತ ತಡವಾಗಿ ಬರುತ್ತೆ ಅಂತ ಅದನ್ನ ಬಂದ್ ಮಾಡಿದ್ದಾರೆ. ಒಂದು ಕ್ಷಣ ಆಚೀಚೆ ನೋಡಿದ್ರೂ ತಾಳ ಹೋಯ್ತು! ನೀನು ಕುಣಿದ್ರೆ ಹಲಗೆ ನಡುಗಿ ನಿನ್ನ ಹೆಜ್ಜೆ ನನ್ನ ಮಂಡಿವರೆಗೂ ಬರುತ್ತೆ... ಕಣ್ಣು ಯಾಕೆ ಬೇಕು? ಆ ಸದ್ದು ಇಲ್ದಿರೋ ಮನೇಲಿ ನಂಗಿನ್ನು ಇರೋಕಾಗಲ್ಲ ಕಣೇ."

ಗುಬ್ಬಿಯ ಕೆನ್ನೆ ಕೆಂಪಾಯಿತು.

"ನಾಳೆ ನೋಡೋಕಾದ್ರೂ ಬರ್ತೀಯಾ?"

"ಬರಲ್ಲ. ಅವಳನ್ನೇ ನೋಡ್ತಾ ಕೂತಿರ್ತೀರಿ."

"ಅದು ಕೆಲಸ ಕಣೇ!"

"ಗೊತ್ತು. ಆದ್ರೂ ಉರಿಯುತ್ತೆ!"

"ನಂಗೂ ಉರಿಯುತ್ತೆ... ಆ ದೀಪದವನ ಜೊತೆ ನೀನು ಕಿಲಕಿಲ ನಗುವಾಗ."

"ಅವರಿಗೆ ಮೊಮ್ಮಕ್ಕಳಿದ್ದಾರೆ ರೀ!"

"ಗೊತ್ತು," ಎಂದು ಅವನು ಅವಳ ಚೀಲ ತನ್ನ ಹೆಗಲಿಗೆ ಹಾಕಿಕೊಂಡ. "ಆದ್ರೂ..."